ನೆನಪಿಗೂ ಸಾವಕಾಶ ಬೇಕು

ಕಾಯುವುದೆಂದರೆ ಯಾರಿಗೂ ಒಗ್ಗದ ಕೆಲಸ. ಆದರೂ ಸಂಸಾರದಲ್ಲಿ ಅದು ತಪ್ಪಿದ್ದಲ್ಲ. ಅನ್ನ ಬೇಯುವವರೆಗೆ ಕಾಯಬೇಕು. ಹಾಲು ಹೆಪ್ಪುಗೊಳ್ಳುವವರೆಗೆ ಕಾಯಬೇಕು. ಉಪ್ಪಿನಲ್ಲಿ ಹಾಕಿದ ಮಾವಿನಮಿಡಿ ನೀರು ಬಿಡುವವರೆಗೆ ದಿನಗಟ್ಟಲೆ ಕಾಯಬೇಕು. ಇವುಗಳಲ್ಲಿ ಕೆಲವನ್ನು ಉರಿ ಹೆಚ್ಚಿಸಿ ತಗ್ಗಿಸಿಕೊಳ್ಳಬಹುದು. ಕೆಲವನ್ನು ತಗ್ಗಿಸಹೊರಟರೆ ಪದಾರ್ಥವೇ ಕೆಟ್ಟುಹೋಗುವುದು. ಯಾವುದು ಯಾವ ಜಾತಿಯದೆಂದು ಬಲ್ಲವರಿಗೇ ಅಡುಗೆಮನೆಯ ಯಜಮಾನಿಕೆ ಸಲ್ಲತಕ್ಕದ್ದು. ಈಗ ಎಷ್ಟೋ ಮನೆಗಳಲ್ಲಿ ಬಂದು ಕುಳಿತಿರುವ ಕಂಪ್ಯೂಟರಿನ ಒಡಲಿನಲ್ಲಿಯೂ ಇಂತಹ ಕಾಯುವಿಕೆಯೊಂದು ಉಂಟು. ಅದು ಕಣ್ಣಿಗಾಗಲಿ ಕಿವಿಗಾಗಲಿ ಸಿಕ್ಕದಷ್ಟು ಸಣ್ಣದು. ಆದರೆ ಅದನ್ನು ಇನ್ನಷ್ಟು ತಗ್ಗಿಸುವ ಚಪಲವು ನಮ್ಮ ತರುಣರಲ್ಲಿ ಬಲವಾಗಿರುವುದರಿಂದಲೂ, ಆ ಚಪಲದ ಫಲವನ್ನು ಮನೆಯವರೆಲ್ಲರೂ ಉಣ್ಣಬೇಕಾಗಿ ಬರುವುದರಿಂದಲೂ, ವಾಚಕರೊಡನೆ ಈ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ನಮಗೆ ತೋರಿದೆ.

ನಮ್ಮ ಅಣ್ಣನ ಮಗ ರಘು ಎಂಜಿನಿಯರಿಂಗ್ ಓದುತ್ತ ನಮ್ಮ ಮನೆಯಲ್ಲಿಯೇ ಇದ್ದಾನೆ. ಬಿಡಿಭಾಗಗಳನ್ನು ತಂದು ಮನೆಯ ಕಂಪ್ಯೂಟರನ್ನು ಜೋಡಿಸಿದವನು ಅವನೇ. ಆ ಯಂತ್ರವು ಅವನ ಆಟಪಾಠಗಳಿಗೆ ಮಾತ್ರವಲ್ಲದೆ ನಮ್ಮ ಲೆಕ್ಕಪತ್ರಗಳಿಗೂ, ನಮ್ಮ ಮನೆಯವರು ಸ್ಕ್ಯಾನ್ ಮಾಡಿಸಿ ಕೂಡಿಟ್ಟ ಹಳೆಯ ಭಾವಚಿತ್ರಗಳಿಗೂ, ನಮ್ಮ ತಂದೆಯವರ ದಿನಚರಿಯ ಪುಟಗಳಿಗೂ ಉಗ್ರಾಣವಾಗಿದೆ. ಒಂದು ಸಂಜೆ ಅವನು ಯಂತ್ರದ ಮುಚ್ಚಳ ತೆಗೆದು, ಗೇಣಿಗಿಂತ ಚಿಕ್ಕದಾದ ಎರಡು ಪಟ್ಟಿಗಳನ್ನು ತೋರಿಸಿ, "ಚಿಕ್ಕಪ್ಪ, ಇದೇ ರ‍್ಯಾಮ್. ಇದರ ಮೇಲೆ ಬರೆದಿರೋದನ್ನ ನೋಡಿ" ಎಂದನು. 3200 ಎಂದೂ, ಅದರ ಪಕ್ಕದಲ್ಲಿ 16-18-18-36 ಎಂದೂ ಅಚ್ಚಾಗಿದ್ದಿತು. "ಈ ಹದಿನಾರನ್ನ ಹದಿನಾಲ್ಕು ಮಾಡ್ತೀನಿ. ಅಂಕಿ ಕಮ್ಮಿ ಆದಷ್ಟೂ ಯಂತ್ರ ಚುರುಕು" ಎಂಬುದು ಅವನ ವಾದ. "ಹಾಗಾದರೆ ಸೊನ್ನೆಯನ್ನೇ ಇಟ್ಟುಬಿಡಬಾರದೇನಪ್ಪ?" ಎಂದು ನಾವು ಕೇಳಿದೆವು. ಅವನು ನಕ್ಕನು; ಆದರೆ ಏಕೆ ಕೂಡದೆಂದು ಹೇಳುವುದು ಆಗ ಅವನಿಂದಲೂ ಆಗಲಿಲ್ಲ. ಅಂದಿನಿಂದ ಆ ನಾಲ್ಕು ಅಂಕಗಳ ಅರ್ಥವನ್ನು ಹುಡುಕುವುದು ಮನೆಯಲ್ಲಿ ಒಂದು ಕಾಲಕ್ಷೇಪವಾಯಿತು. ತಿಳಿದಷ್ಟನ್ನು ಇಲ್ಲಿ ಹೇಳುವೆವು.

ಕಂಪ್ಯೂಟರಿನಲ್ಲಿ ಬಹುಕಾಲ ಉಳಿಯಬೇಕಾದುದೆಲ್ಲ ಡಿಸ್ಕಿನಲ್ಲಿರುವುದು. ಹಿಡಿದ ಕೆಲಸಕ್ಕೆ ಆ ಹೊತ್ತಿಗೆ ಬೇಕಾದುದು ಮಾತ್ರ ರ‍್ಯಾಮಿಗೆ ಬರುವುದು. ಡಿಸ್ಕು ಅಟ್ಟವಾದರೆ ರ‍್ಯಾಮ್ ಒಲೆಯ ಪಕ್ಕದ ಗೂಡು. ಈ ಗೂಡಿನ ಮೂಲ ಉಪಾಯವನ್ನು ಕಂಡವರು ಅಮೆರಿಕದ ಐ.ಬಿ.ಎಂ. ಸಂಸ್ಥೆಯಲ್ಲಿದ್ದ ರಾಬರ್ಟ್ ಡೆನಾರ್ಡ್ ಎಂಬುವರು. 1966ರಲ್ಲಿ ಅವರಿಗೆ ಅದು ಹೊಳೆಯಿತು. 1968ರಲ್ಲಿ ಅದಕ್ಕೆ ಪೇಟೆಂಟು ದೊರೆಯಿತು. ಒಂದು ಬಿಟ್‌ಅನ್ನು ಹಿಡಿದಿಡಲು ಒಂದು ಟ್ರಾನ್ಸಿಸ್ಟರ್, ಒಂದು ಕೆಪ್ಯಾಸಿಟರ್ ಇಷ್ಟೇ ಸಾಕೆಂಬುದು ಆ ಉಪಾಯ. ಕೆಪ್ಯಾಸಿಟರ್ ಎಂದರೆ ವಿದ್ಯುತ್ತಿನ ಪುಟ್ಟ ಕುಡಿಕೆ. ತುಂಬಿದ್ದರೆ ಒಂದು, ಬರಿದಾಗಿದ್ದರೆ ಸೊನ್ನೆ. ಟ್ರಾನ್ಸಿಸ್ಟರ್ ಅದರ ಬಾಗಿಲು. ಅಗ್ಗವೂ ಸರಳವೂ ಆದ ಈ ಏರ್ಪಾಡಿನಿಂದಲೇ ಇಂದು ಸಾವಿರಾರು ಕೋಟಿ ಕುಡಿಕೆಗಳು ಒಂದು ಪಟ್ಟಿಯಲ್ಲಿ ಅಡಗಿವೆ.

ಆದರೆ ಈ ಕುಡಿಕೆಗೆ ಎರಡು ದೋಷಗಳುಂಟು. ಮೊದಲನೆಯದು, ಅದು ಸೋರುವುದು. ಆದಕಾರಣ ನಮ್ಮ ಯಂತ್ರದಲ್ಲಿರುವ ಡಿಡಿಆರ್4 ಎಂಬ ತಲೆಮಾರಿನ ಪಟ್ಟಿಯಲ್ಲಿ ಪ್ರತಿಯೊಂದು ಕುಡಿಕೆಯನ್ನೂ 64 ಮಿಲಿಸೆಕೆಂಡಿಗೆ ಒಮ್ಮೆಯಾದರೂ, ಎಂದರೆ ಸೆಕೆಂಡಿಗೆ ಹದಿನಾರು ಬಾರಿಯಂತೆ, ನೋಡಿ ಮತ್ತೆ ತುಂಬಬೇಕು. ಎರಡನೆಯದು ಇನ್ನೂ ವಿಚಿತ್ರ. ಕುಡಿಕೆಯಲ್ಲಿ ಏನಿದೆಯೆಂದು ನೋಡಲು ಬಾಗಿಲು ತೆರೆದರೆ ಇದ್ದದ್ದು ಹೊರಕ್ಕೆ ಹರಿದುಹೋಗುವುದು. ಓದುವುದೇ ಅಳಿಸುವುದಾಗಿ ಪರಿಣಮಿಸುವುದು! ಆದುದರಿಂದ ಓದಿದ ಪ್ರತಿಯೊಂದು ಸಲವೂ ಅದನ್ನು ತಿರುಗಿ ತುಂಬಿಡಬೇಕು. ಈ ಎರಡನೆಯ ದೋಷವನ್ನು ವಾಚಕರು ಚೆನ್ನಾಗಿ ನೆನಪಿನಲ್ಲಿಡಬೇಕೆಂದು ಪ್ರಾರ್ಥಿಸುವೆವು. ಮುಂದಿನ ಕಥೆಯೆಲ್ಲ ಇದರ ಮೇಲೆ ನಿಂತಿದೆ.

ನಾಲ್ಕು ಅಂಕಗಳನ್ನು ತಿಳಿಯಲು ಹಳೆಯ ಕಾಲದ ಶ್ಯಾನುಭೋಗರ ಕಡತವನ್ನು ನೆನೆಯಬಹುದು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲನ್ನೂ ಬಳಿದು ಕಪ್ಪಾಗಿಸಿ, ಮಡಿಕೆಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದುದನ್ನು ಒರೆಸಿ ಮತ್ತೆ ಬರೆಯಲು ಬರುತ್ತಿತ್ತು. ಇಂತಹ ಕಡತಗಳು ಗೂಡುಗೂಡುಗಳಲ್ಲಿ ತುಂಬಿರುವ ಒಂದು ಕೊಠಡಿಯನ್ನು ಕಲ್ಪಿಸಿಕೊಳ್ಳಿರಿ. ಅಲ್ಲಿ ಒಂದೇ ಮೇಜು, ಒಬ್ಬನೇ ಗುಮಾಸ್ತ. ಮೇಜಿನ ಮೇಲೆ ಒಂದು ಹೊತ್ತಿಗೆ ಒಂದೇ ಕಡತಕ್ಕೆ ಸ್ಥಳ. ರ‍್ಯಾಮಿನ ಒಂದೊಂದು ಚಿಪ್ಪಿನಲ್ಲಿಯೂ ಇಂತಹ ಕೊಠಡಿಗಳು ಹಲವು. ಒಂದು ಸಾಲಿನ ಕುಡಿಕೆಗಳೆಲ್ಲ ಸೇರಿ ಒಂದು ಕಡತ.

ಪಟ್ಟಿಯ ಮೇಲಿನ ಮೊದಲನೆಯ ಅಂಕ, ಸಿ.ಎಲ್. ಎಂಬುದು. ಕಡತವು ಆಗಲೇ ಮೇಜಿನ ಮೇಲೆ ಬಿಚ್ಚಿಕೊಂಡಿರುವಾಗ, "ಇಂಥ ಪಂಕ್ತಿಯನ್ನು ಓದು" ಎಂದು ಕೇಳಿದ ಮೇಲೆ ಮೊದಲ ಮಾತು ಹೊರಬರಲು ಹಿಡಿಯುವ ಹೊತ್ತು ಅದು. ಎರಡನೆಯದು ಟಿ.ಆರ್.ಸಿ.ಡಿ.; ಗೂಡಿನಲ್ಲಿರುವ ಕಡತವನ್ನು ತಂದು ಮೇಜಿನ ಮೇಲೆ ಬಿಚ್ಚಲು ಬೇಕಾದ ಹೊತ್ತು. ಮೂರನೆಯದು ಟಿ.ಆರ್.ಪಿ.; ಇದ್ದ ಕಡತವನ್ನು ಕಟ್ಟಿಟ್ಟು, ಇನ್ನೊಂದಕ್ಕೆ ಮೇಜನ್ನು ಅಣಿಮಾಡುವ ಹೊತ್ತು. ನಾಲ್ಕನೆಯದು ಟಿ.ಆರ್.ಎ.ಎಸ್.; ಒಮ್ಮೆ ಬಿಚ್ಚಿದ ಕಡತವು ಕನಿಷ್ಠ ಎಷ್ಟು ಹೊತ್ತು ಮೇಜಿನ ಮೇಲಿರಲೇಬೇಕೆಂಬ ಕಟ್ಟಳೆ. ಕೆಲಸ ಮುಗಿದ ಕೂಡಲೆ ಕಟ್ಟಿಡಬಾರದೆ ಎಂದು ಕೇಳುವಿರಾದರೆ, ಆ ಎರಡನೆಯ ದೋಷವನ್ನು ಜ್ಞಾಪಿಸಿಕೊಳ್ಳಿರಿ. ಬಿಚ್ಚಿದೊಡನೆ ಅಕ್ಷರಗಳು ಅಳಿಸಿಹೋಗಿವೆ. ಗುಮಾಸ್ತನು ಅವನ್ನೆಲ್ಲ ಮತ್ತೆ ಬಳಪದಿಂದ ತಿದ್ದಬೇಕು. ತಿದ್ದಿ ಮುಗಿಯುವುದಕ್ಕೆ ಮುಂಚೆಯೇ ಕಡತವನ್ನು ಕಿತ್ತುಕೊಂಡರೆ, ಗೂಡಿಗೆ ಹೋಗುವುದು ಅರೆಬರೆಯಾದ ಬರಹ.

ಇನ್ನು ಈ ಅಂಕಗಳು ಯಾವ ಅಳತೆಯವು ಎಂಬುದನ್ನು ನೋಡೋಣ. ಇಲ್ಲಿಯೇ ಬಹುಮಂದಿ ಮೋಸಹೋಗುವುದು. ಅವು ನಿಮಿಷ ಸೆಕೆಂಡುಗಳಲ್ಲ, ತಾಳದ ಪೆಟ್ಟುಗಳು. ಯಂತ್ರದೊಳಗೆ ಎಲ್ಲವೂ ತಾಳಕ್ಕೆ ನಡೆಯುವುದು. ಪಟ್ಟಿಯ ಮೇಲೆ 3200 ಎಂದಿದ್ದರೆ ಸೆಕೆಂಡಿಗೆ 160 ಕೋಟಿ ಪೆಟ್ಟುಗಳು. ಪೆಟ್ಟು ಏರುವಾಗೊಮ್ಮೆ ಇಳಿಯುವಾಗೊಮ್ಮೆ ಮಾತು ಸಾಗುವುದರಿಂದ ಅದರ ಇಮ್ಮಡಿಯ ಅಂಕವನ್ನು ಅಚ್ಚುಹಾಕುವರು. ಒಂದು ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲಿಗೆ ನ್ಯಾನೋಸೆಕೆಂಡು ಎಂದು ಹೆಸರು. ಈ ತಾಳದಲ್ಲಿ ಒಂದು ಪೆಟ್ಟಿಗೆ 0.625 ನ್ಯಾನೋಸೆಕೆಂಡು, 16 ಪೆಟ್ಟಿಗೆ ಸರಿಯಾಗಿ 10 ನ್ಯಾನೋಸೆಕೆಂಡು. ಅಷ್ಟರಲ್ಲಿ ಬೆಳಕು ಓಡುವ ದೂರ ಸುಮಾರು 3 ಮೀಟರು. ಒಂದು ಸಾಧಾರಣ ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಎನ್ನಬಹುದು.

ಸಂಗೀತಾಭ್ಯಾಸ ಮಾಡಿದವರಿಗೆ ಇದರ ಮರ್ಮ ಸುಲಭವಾಗಿ ತಿಳಿಯುವುದು. ಒಂದನೆಯ ಕಾಲದಲ್ಲಿ ಎಂಟು ಸ್ವರ ಹಾಡುವ ಹೊತ್ತಿನಲ್ಲಿ ಎರಡನೆಯ ಕಾಲದಲ್ಲಿ ಹದಿನಾರು, ಮೂರನೆಯ ಕಾಲದಲ್ಲಿ ಮೂವತ್ತೆರಡು ಸ್ವರ ಹಿಡಿಯುವುವು. ಸ್ವರಗಳ ಎಣಿಕೆ ಬೇರೆ, ಹೊತ್ತು ಒಂದೇ. ರ‍್ಯಾಮಿನಲ್ಲಿಯೂ ಅಂತೆಯೇ. ಮೊದಲ ತಲೆಮಾರಿನ ಡಿಡಿಆರ್ 400ರ ಒಳ್ಳೆಯ ಪಟ್ಟಿಯಲ್ಲಿ ಸಿ.ಎಲ್. 2, ಡಿಡಿಆರ್2 800ರಲ್ಲಿ 4, ಡಿಡಿಆರ್3 1600ರಲ್ಲಿ 8, ಡಿಡಿಆರ್4 3200ರಲ್ಲಿ 16, ಡಿಡಿಆರ್5 6000ದಲ್ಲಿ 30. ಲೆಕ್ಕ ಹಾಕಿ ನೋಡಿದರೆ ಈ ಐದೂ 10 ನ್ಯಾನೋಸೆಕೆಂಡೇ! "ಎರಡು ಇದ್ದದ್ದು ಮೂವತ್ತಾಯಿತು, ಹೊಸದು ಹಳೆಯದಕ್ಕಿಂತ ಮಂದ" ಎನ್ನುವವರೂ ತಪ್ಪು. "ಆರು ಸಾವಿರವಾಯಿತು, ಹದಿನೈದು ಪಟ್ಟು ಬೇಗ ಉತ್ತರ ಕೊಡುವುದು" ಎನ್ನುವವರೂ ತಪ್ಪು. ಹದಿನೈದು ಪಟ್ಟು ಬೆಳೆದದ್ದು ಒಂದು ಹೊತ್ತಿಗೆ ಸಾಗಿಸಬಲ್ಲ ಹೊರೆ. ಆಗ ಸೆಕೆಂಡಿಗೆ 3.2 ಗಿಗಾಬೈಟು ಸಾಗುತ್ತಿದ್ದ ದಾರಿಯಲ್ಲಿ ಈಗ 48 ಸಾಗುವುದು. ಮೊದಲ ಮಾತಿಗಾಗಿ ಕಾಯುವ ಹೊತ್ತು ಮಾತ್ರ ಇದ್ದಲ್ಲಿಯೇ ಇದೆ.

ಏಕೆ ಹೀಗೆ? ತಾಳವನ್ನು ಎಷ್ಟು ಬೇಕಾದರೂ ಓಡಿಸಬಹುದು. ಕುಡಿಕೆಯು ತುಂಬುವುದಕ್ಕೂ ಬರಿದಾಗುವುದಕ್ಕೂ, ಅದರಲ್ಲಿರುವ ಅತ್ಯಲ್ಪ ವಿದ್ಯುತ್ತು ಉದ್ದವಾದ ತಂತಿಯ ಮೇಲೆ ಹರಿದುಬಂದು ಒಂದೋ ಸೊನ್ನೆಯೋ ಎಂದು ಗೊತ್ತಾಗುವುದಕ್ಕೂ ಅದರದೇ ಆದ ಹೊತ್ತು ಬೇಕು. ಈ ನಡುವೆ ಲೆಕ್ಕ ಮಾಡುವ ಪ್ರೊಸೆಸರು ಬಹಳ ಮುಂದೆ ಓಡಿಹೋಯಿತು. ಈ ಅಂತರವು ಹೀಗೆಯೇ ಬೆಳೆದರೆ ಯಂತ್ರವು ಒಂದು ಗೋಡೆಗೆ ಹಾಯುವುದೆಂದು 1995ರಲ್ಲಿಯೇ ವಿಲಿಯಂ ವುಲ್ಫ್, ಸ್ಯಾಲಿ ಮೆಕೀ ಎಂಬ ಅಮೆರಿಕದ ವಿದ್ವಾಂಸರಿಬ್ಬರು ಬರೆದಿದ್ದರು. ಸೆಕೆಂಡಿಗೆ 400 ಕೋಟಿ ಪೆಟ್ಟು ಹಾಕುವ ಪ್ರೊಸೆಸರಿಗೆ 10 ನ್ಯಾನೋಸೆಕೆಂಡೆಂದರೆ 40 ಪೆಟ್ಟು ಸುಮ್ಮನೆ ಕೂತಂತೆ. ಅದು ಕೇಳಿ ಪಡೆಯುವ ಪೂರ್ತಿ ಪ್ರಯಾಣಕ್ಕೆ ಮನೆಯ ಕಂಪ್ಯೂಟರುಗಳಲ್ಲಿ ಸುಮಾರು 70ರಿಂದ 80 ನ್ಯಾನೋಸೆಕೆಂಡು ಹಿಡಿಯುವುದುಂಟು. ಇದನ್ನು ತಪ್ಪಿಸಲೆಂದೇ ಪ್ರೊಸೆಸರಿನ ಮಗ್ಗುಲಲ್ಲಿ ಕ್ಯಾಶ್ ಎಂಬ ಚಿಕ್ಕ ಡಬ್ಬಿಯನ್ನಿಟ್ಟು, ಪದೇಪದೇ ಬೇಕಾಗುವುದನ್ನು ಅದರಲ್ಲಿ ತುಂಬಿರುವರು. ಸಾಸಿವೆ ಜೀರಿಗೆಗೆ ಯಾರೂ ಪ್ರತಿಸಲ ಉಗ್ರಾಣಕ್ಕೆ ಹೋಗುವುದಿಲ್ಲವಷ್ಟೆ.

ತಯಾರಕರು ಗೊತ್ತುಮಾಡಿದುದಕ್ಕಿಂತ ಹೆಚ್ಚಿನ ತಾಳದಲ್ಲಿ ಯಂತ್ರವನ್ನು ದುಡಿಸುವುದಕ್ಕೆ ಓವರ್‌ಕ್ಲಾಕಿಂಗ್ ಎಂದು ಹೆಸರು. ತಾಳವನ್ನು ಹಾಗೆಯೇ ಬಿಟ್ಟು ಈ ನಾಲ್ಕು ಅಂಕಗಳನ್ನು ಬಿಗಿಮಾಡುವುದೂ ಅದೇ ಕಲೆಯ ಒಂದು ಶಾಖೆ. ರಘು ಮಾಡಿದ್ದು ಎರಡನೆಯದನ್ನು. 16-18-18-36 ಇದ್ದುದನ್ನು 14-14-14-28 ಮಾಡಿ, ಗುಮಾಸ್ತನಿಗೆ ಕಸುವು ಬರಲೆಂದು 1.35 ವೋಲ್ಟನ್ನು 1.45ಕ್ಕೆ ಏರಿಸಿದನು. ಇದರ ಲಾಭವೆಷ್ಟು? ಬೇರೆ ಕಡತವಿರುವ ಮೇಜನ್ನು ತೆರವುಮಾಡಿ, ಬೇಕಾದುದನ್ನು ತಂದು, ಓದಿ ಹೇಳಲು ಮೊದಲು 18, 18, 16 ಸೇರಿ 52 ಪೆಟ್ಟು, ಎಂದರೆ 32.5 ನ್ಯಾನೋಸೆಕೆಂಡು. ಈಗ 42 ಪೆಟ್ಟು, 26.25 ನ್ಯಾನೋಸೆಕೆಂಡು. ಉಳಿದದ್ದು ಆರೂಕಾಲು. ಪೂರ್ತಿ ಪ್ರಯಾಣದಲ್ಲಿ ಇದು ಹನ್ನೆರಡರಲ್ಲಿ ಒಂದು ಪಾಲು. ಹೆಚ್ಚಿನ ಕೆಲಸವೆಲ್ಲ ಕ್ಯಾಶಿನಲ್ಲಿಯೇ ತೀರುವುದರಿಂದ ಕೈಗೆ ಸಿಕ್ಕುವುದು ಇನ್ನೂ ಕಡಮೆ. ರ‍್ಯಾಮನ್ನು ಎಡೆಬಿಡದೆ ಕೇಳುವ ಕೆಲವು ಆಟಗಳಲ್ಲಿ ಚಿತ್ರದ ಓಟ ಸ್ವಲ್ಪ ನಯವಾಗುವುದು ನಿಜ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಲೆಕ್ಕ ಬರೆಯುವವರಿಗೆ, ಪತ್ರ ಬರೆಯುವವರಿಗೆ, ಚಿತ್ರ ನೋಡುವವರಿಗೆ ಅದು ಗೊತ್ತೇ ಆಗದು.

ಯಂತ್ರವು ಚೆನ್ನಾಗಿಯೇ ಎದ್ದಿತು. ಜನವರಿಯ ಚಳಿಯಲ್ಲಿ ಹತ್ತು ನಿಮಿಷ ಪರೀಕ್ಷೆ ನಡೆಸಿ ರಘು ತೃಪ್ತನಾದನು. ಏಪ್ರಿಲಿನ ಒಂದು ವಾರ ಮಧ್ಯಾಹ್ನಗಳಲ್ಲಿ ನಮ್ಮ ಮನೆಯವರು ಹಳೆಯ ಡಿಸ್ಕಿನಲ್ಲಿದ್ದ ಭಾವಚಿತ್ರಗಳನ್ನೂ ದಿನಚರಿಯ ಪುಟಗಳನ್ನೂ ಹೊಸ ಡಿಸ್ಕಿಗೆ ಸಾಗಿಸಿದರು. ಹಳೆಯ ಡಿಸ್ಕು ಬರಿದಾಗಿ ಬೇರೊಂದು ಕೆಲಸಕ್ಕೆ ಹೋಯಿತು. ಗೌರಿಹಬ್ಬಕ್ಕೆ ಬಂಧುಗಳು ಕೂಡಿದಾಗ ನಮ್ಮ ತಾಯಿಯವರ ಚಿತ್ರವನ್ನು ತೆರೆದರೆ, ಮುಖದಿಂದ ಕೆಳಗೆ ಬರಿಯ ಬೂದುಬಣ್ಣದ ಪಟ್ಟೆ. ಹುಡುಕಿ ನೋಡಲು ಇಂಥವು ಇನ್ನೂ ಕೆಲವು ಸಿಕ್ಕಿದುವು. ತಾಯಿಯವರ ಚಿತ್ರದ ಮೂಲಪ್ರತಿ ಶಿವಮೊಗ್ಗದಲ್ಲಿ ನಮ್ಮ ಅಕ್ಕನ ಬಳಿ ಇದ್ದುದರಿಂದ ಮತ್ತೆ ತರಿಸಿಕೊಂಡೆವು. ತಂದೆಯವರ ದಿನಚರಿಯ ಒಂದು ಪುಟ ಮಾತ್ರ ಹೋಗಿಯೇಹೋಯಿತು. ಅದರ ಮೂಲವನ್ನು ಎಂದೋ ಗೆದ್ದಲು ತಿಂದಿದ್ದಿತು. ಮಳೆಗಾಗಿ ಕಾದ ಒಂದು ವರ್ಷದ ವಿಷಯ ಅದರಲ್ಲಿತ್ತು. ಮೇಲಿನ ಆರು ಸಾಲು ಉಳಿದಿವೆ. ಮಳೆ ಬಂದಿತೋ ಇಲ್ಲವೋ ಎಂಬುದು ಕೆಳಗಿನ ಅರ್ಧದಲ್ಲಿದ್ದಿರಬೇಕು.

ರಘು ಮೊದಲು ಡಿಸ್ಕನ್ನು ಶಂಕಿಸಿದನು. ಅದರಲ್ಲಿ ದೋಷ ಕಾಣಲಿಲ್ಲ. ಆ ಮೇಲೆ ಮೆಮ್‌ಟೆಸ್ಟ್86 ಎಂಬ ಪರೀಕ್ಷಾಕ್ರಮವನ್ನು ಪೆನ್‌ಡ್ರೈವಿನಿಂದ ಎಬ್ಬಿಸಿ ಇಡೀ ರಾತ್ರಿ ಓಡಲು ಬಿಟ್ಟನು. ಬೆಳಗಾಗುವುದರಲ್ಲಿ ತೆರೆಯ ಮೇಲೆ ಕೆಂಪು ಸಾಲುಗಳು ನಿಂತಿದ್ದುವು. ಪಟ್ಟಿಯ ಮೇಲಿನ ಅಂಕಗಳಿಗೇ ಹಿಂದಿರುಗಿ ಮಾರನೆಯ ರಾತ್ರಿ ಓಡಿಸಲು ಒಂದೂ ತಪ್ಪು ಬರಲಿಲ್ಲ. ಹುಡುಗನ ಮುಖ ಬಾಡಿತು. ನಮ್ಮ ಮನೆಯವರು ಅವನನ್ನು ಬಯ್ಯಲಿಲ್ಲ. "ಕೆಟ್ಟು ನಿಂತಿದ್ದರೆ ರಿಪೇರಿ ಮಾಡಿಸಬಹುದಿತ್ತು ಕಣೋ ರಘು. ಇದು ಕೆಲಸ ಮಾಡ್ತಾ ಮಾಡ್ತಾನೇ ಸುಳ್ಳು ಬರೀತಲ್ಲ" ಎಂದಷ್ಟೇ ಹೇಳಿದರು. ಈ ವಿಷಯದಲ್ಲಿ ನಾವು ಓದಿದ ದೊಡ್ಡ ದೊಡ್ಡ ಲೇಖನಗಳ ಸಾರವೆಲ್ಲ ಆ ಒಂದು ಮಾತಿನಲ್ಲಿ ಅಡಗಿದೆಯೆಂದು ನಮಗೆ ತೋರಿತು.

ನಡೆದದ್ದೇನೆಂದರೆ ಇದು. ಅಂಕಗಳನ್ನು ಬಿಗಿಮಾಡಿದುದರಿಂದ ಗುಮಾಸ್ತನಿಗೆ ತಿರುಗಿ ಬರೆಯಲು ಸಾಕಷ್ಟು ಹೊತ್ತು ಸಿಕ್ಕಲಿಲ್ಲ. ಕುಡಿಕೆಗಳು ಪೂರ್ತಿ ತುಂಬದೆ ಗೂಡಿಗೆ ಹೋದುವು. ಚಳಿಯಲ್ಲಿ ಸೋರುವಿಕೆ ಮಂದ. ಅರೆ ತುಂಬಿದ್ದೂ ಮುಂದಿನ ಸರದಿಯವರೆಗೆ ಹೇಗೋ ತಾಳಿತು. ಬೇಸಗೆಯಲ್ಲಿ ಸೋರುವಿಕೆ ಹೆಚ್ಚು. ಚಿಪ್ಪಿನ ಶಾಖ 85 ಡಿಗ್ರಿ ದಾಟಿದರೆ 64ಕ್ಕೆ ಬದಲು 32 ಮಿಲಿಸೆಕೆಂಡಿಗೊಮ್ಮೆ ತುಂಬಬೇಕೆಂದು ಡಿಡಿಆರ್4ರ ಕಟ್ಟಳೆಯೇ ಹೇಳುವುದು. ವೋಲ್ಟು ಏರಿಸಿದುದರಿಂದ ಶಾಖವೂ ಕೊಂಚ ಏರಿದ್ದಿತು. ಕೋಟ್ಯಂತರ ಕುಡಿಕೆಗಳಲ್ಲಿ ಎಲ್ಲಿಯೋ ಒಂದೆರಡು ಒಂದು ಇದ್ದದ್ದು ಸೊನ್ನೆಯಾದುವು. ಚಿತ್ರವು ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಹೋಗುವಾಗ ರ‍್ಯಾಮಿನ ಮೂಲಕವೇ ಹೋಗಬೇಕು. ಅಲ್ಲಿ ಬಿದ್ದ ಆ ಸೊನ್ನೆಯು ಹೊಸ ಡಿಸ್ಕಿನಲ್ಲಿ ಶಾಶ್ವತವಾಗಿ ಕುಳಿತಿತು. ಮರೆತವನು ಮರೆತೆನೆಂದರೆ ಇನ್ನೊಬ್ಬರನ್ನು ಕೇಳಬಹುದು. ತಪ್ಪಾಗಿ ನೆನಪಿಟ್ಟುಕೊಂಡು ದೃಢವಾಗಿ ಹೇಳುವವನನ್ನು ನಂಬಿ ಮನೆ ಕೆಡುವುದು.

ಇಂತಹ ತಪ್ಪನ್ನು ಯಂತ್ರವೇ ಕಂಡುಹಿಡಿಯುವ ಉಪಾಯವಿಲ್ಲವೆ ಎಂದರೆ, ಉಂಟು. ತಪ್ಪನ್ನು ಗುರುತಿಸಿ ತಿದ್ದಿಕೊಳ್ಳುವ ಸಂಕೇತಗಳನ್ನು ಬೆಲ್ ಪ್ರಯೋಗಶಾಲೆಯ ರಿಚರ್ಡ್ ಹ್ಯಾಮಿಂಗ್ 1950ರಲ್ಲಿಯೇ ಪ್ರಕಟಿಸಿದರು. ಇ.ಸಿ.ಸಿ. ಎಂಬ ಜಾತಿಯ ಡಿಡಿಆರ್4 ಪಟ್ಟಿಗಳಲ್ಲಿ 64 ಬಿಟ್ಟಿಗೆ 8 ಬಿಟ್ಟು ಕಾವಲಿರುವುವು. ಒಂದು ತಪ್ಪನ್ನು ತಿದ್ದಿ, ಎರಡಾದರೆ ಕೂಗಿ ಹೇಳುವುವು. ದೊಡ್ಡ ಕಾರ್ಖಾನೆ ಕಚೇರಿಗಳ ಸರ್ವರುಗಳಲ್ಲಿ ಇವು ವಾಡಿಕೆ. ಮನೆಯ ಕಂಪ್ಯೂಟರುಗಳಲ್ಲಿ ಅಪರೂಪ. ಡಿಡಿಆರ್5ರ ಚಿಪ್ಪಿನೊಳಗೆ ತಿದ್ದುವ ಏರ್ಪಾಡು ಇದ್ದರೂ ಅದು ಚಿಪ್ಪಿನ ಹೊಸ್ತಿಲವರೆಗೆ ಮಾತ್ರ. ದಾರಿಯಲ್ಲಿ ಆಗುವ ತಪ್ಪಿಗೆ ಅದು ಹೊಣೆಯಲ್ಲ.

ಹಾಗೆಂದು ಈ ಅಂಕಗಳನ್ನು ಮುಟ್ಟಲೇಬಾರದೆಂದು ನಮ್ಮ ಅಭಿಪ್ರಾಯವಲ್ಲ. ಪಟ್ಟಿಯ ಮೇಲೆ 3200 ಎಂದು ಅಚ್ಚಾಗಿದ್ದರೂ, ತಂದು ಸಿಕ್ಕಿಸಿದ ಮಾತ್ರಕ್ಕೆ ಎಷ್ಟೋ ಯಂತ್ರಗಳು ಅದನ್ನು 2133ರಲ್ಲಿಯೋ 2666ರಲ್ಲಿಯೋ ನಡೆಸುವುವು. ದುಡ್ಡು ಕೊಟ್ಟದ್ದು ಒಂದಕ್ಕೆ, ಪಡೆಯುವುದು ಇನ್ನೊಂದು. ಯಂತ್ರವು ಏಳುವಾಗ ಬಯಾಸ್ ಎಂಬ ಪುಟಕ್ಕೆ ಹೋಗಿ, ಅಚ್ಚಾದ ಅಂಕಗಳನ್ನು ಒಟ್ಟಿಗೆ ಜಾರಿಗೆ ತರುವ ಏರ್ಪಾಡನ್ನು ಆರಿಸಬೇಕು. ಇಂಟೆಲ್ ಸಂಸ್ಥೆ 2007ರಲ್ಲಿ ತಂದ ಎಕ್ಸ್.ಎಂ.ಪಿ. ಎಂಬುದೂ, ಎ.ಎಂ.ಡಿ. ಸಂಸ್ಥೆ 2022ರಲ್ಲಿ ತಂದ ಎಕ್ಸ್‌ಪೋ ಎಂಬುದೂ ಇದೇ. ಗೃಹಸ್ಥರಿಗೆ ಸಿಕ್ಕಬಹುದಾದ ಲಾಭದಲ್ಲಿ ದೊಡ್ಡ ಪಾಲು ಈ ಒಂದು ಹೆಜ್ಜೆಯಲ್ಲಿಯೇ ಸಿಕ್ಕುವುದು. ಇದೂ ಒಂದು ಬಗೆಯ ಓವರ್‌ಕ್ಲಾಕಿಂಗೇ ಎಂಬುದನ್ನು ಮರೆಯಬಾರದು. ಜೆಡೆಕ್ ಎಂಬ ಮಂಡಲಿಯ ಕಟ್ಟಳೆಯಂತೆ ಡಿಡಿಆರ್4ಕ್ಕೆ 1.2 ವೋಲ್ಟು, 3200ರಲ್ಲಿ ಸಿ.ಎಲ್. ಸಾಮಾನ್ಯವಾಗಿ 22. ಅಚ್ಚಾದ 16 ಎಂಬುದು ತಯಾರಕನು ತನ್ನ ಹೊಣೆಯ ಮೇಲೆ 1.35 ವೋಲ್ಟಿನಲ್ಲಿ ಕೊಟ್ಟ ಮಾತು. ಆದುದರಿಂದ ಇದನ್ನೂ ಒಂದು ರಾತ್ರಿ ಪರೀಕ್ಷಿಸಿಯೇ ನಂಬತಕ್ಕದ್ದು.

ಅದಕ್ಕೂ ಮುಂದೆ ಹೋಗಬೇಕೆನ್ನುವ ಹುಡುಗರಿಗೆ ರಘು ತಾನೇ ಈಗ ಹೇಳುವ ಬುದ್ಧಿವಾದ ಇಷ್ಟು. ಮೊದಲು ಮನೆಯ ಕಾಗದಪತ್ರಗಳ ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆದು, ಆ ಡಿಸ್ಕನ್ನು ಬಿಚ್ಚಿ ಕಪಾಟಿನಲ್ಲಿಡಬೇಕು. ಒಂದು ಸಲಕ್ಕೆ ಒಂದೇ ಅಂಕವನ್ನು, ಅದೂ ಒಂದೊಂದೇ ಪೆಟ್ಟಿನಷ್ಟು, ಬದಲಾಯಿಸಬೇಕು; ನಾಲ್ಕನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದು ಕೈಕೊಟ್ಟಿತೆಂದು ತಿಳಿಯದು. ಪ್ರತಿ ಬದಲಾವಣೆಗೂ ಗಂಟೆಗಟ್ಟಲೆ ಪರೀಕ್ಷೆ ನಡೆಯಬೇಕು, ಸೆಕೆಯ ಹೊತ್ತಿನಲ್ಲಿಯೂ ನಡೆಯಬೇಕು. ಸಾವಿರದಲ್ಲಿ ಒಂದು ತಪ್ಪು ಬಂದರೇನೆಂಬ ಸಮಾಧಾನ ಇಲ್ಲಿ ಸಲ್ಲದು. ಒಂದೇ ತಪ್ಪು ಬಂದರೂ ಹಿಂದಕ್ಕೆ ಬರಬೇಕು. ಯಂತ್ರವು ಏಳದೆಯೇ ಹೋದರೆ ಗಾಬರಿಯಾಗಬೇಕಾದುದಿಲ್ಲ. ವಿದ್ಯುತ್ತಿನ ಸಂಪರ್ಕ ತೆಗೆದು, ಮದರ್‌ಬೋರ್ಡಿನ ಕೈಪಿಡಿಯಲ್ಲಿ ತೋರಿಸಿದ ಎರಡು ಕಡ್ಡಿಗಳನ್ನು ಕ್ಷಣಕಾಲ ಕೂಡಿಸಿದರೆ ಅಥವಾ ನಾಣ್ಯದಂತಿರುವ ಬ್ಯಾಟರಿಯನ್ನು ಸ್ವಲ್ಪ ಹೊತ್ತು ತೆಗೆದಿಟ್ಟರೆ, ಹಳೆಯ ಅಂಕಗಳು ಹಿಂದಿರುಗುವುವು. ಹಾಗೆ ಏಳದಿರುವ ಯಂತ್ರ ಪ್ರಾಮಾಣಿಕವಾದದ್ದು. ಎದ್ದು ನಗುವ ಯಂತ್ರವನ್ನೇ ಹೆಚ್ಚು ಪರೀಕ್ಷಿಸಬೇಕು.

ಆಟಕ್ಕೆಂದೇ ಮೀಸಲಾದ ಯಂತ್ರವಿದ್ದವರು ಆರೂಕಾಲು ನ್ಯಾನೋಸೆಕೆಂಡಿಗಾಗಿ ಒಂದು ತಿಂಗಳು ಶ್ರಮಿಸಿದರೆ ನಾವು ಬೇಡವೆನ್ನುವುದಿಲ್ಲ. ಅದೂ ಒಂದು ವಿದ್ಯೆ. ಆ ಶ್ರಮದಲ್ಲಿ ಹುಡುಗರು ಕಲಿಯುವುದು ಬಹಳವಿದೆ. ಆದರೆ ಹಿರಿಯರ ಬರಹ, ಮಕ್ಕಳ ಚಿತ್ರ, ಮನೆಯ ಲೆಕ್ಕ ಇರುವ ಯಂತ್ರದಲ್ಲಿ ಆ ಪಣವನ್ನು ಒಡ್ಡುವುದು ಬೇಡ. ಓದಿದುದನ್ನು ತಿರುಗಿ ಬರೆದಿಡುವ ಗುಮಾಸ್ತನು ಕೇಳುತ್ತಿರುವುದು ಸೆಕೆಂಡಿನ ಕೋಟಿಯಲ್ಲಿ ಒಂದು ಪಾಲನ್ನೂ ಅಲ್ಲ. ಅಷ್ಟು ಸಾವಕಾಶವನ್ನು ಅವನಿಗೆ ಕೊಟ್ಟರೆ ಗೃಹಸ್ಥರ ಗಂಟೇನೂ ಹೋಗುವುದಿಲ್ಲ.